ಸ್ವರಗಳಲ್ಲಿ ಸಮಾಧಿಲೇಖ ಬರೆದ ಚಾರ್ಲ್ಸ್ ಮಿಂಗಸ್

ನಮ್ಮ ಮನೆಗಳಲ್ಲಿ ಮಗುವೊಂದು ಇಗರ್ಜಿಯ ಗಾಯನವೃಂದವನ್ನು ಸೇರಿದಾಗ, ಇಲ್ಲವೇ ಮೊದಲ ಬಾರಿಗೆ ಪಿಟೀಲನ್ನು ಕೈಗೆತ್ತಿಕೊಂಡಾಗ, ನಾವು ಅದರ ಕಂಠವನ್ನೂ ಬೆರಳುಗಳನ್ನೂ ಗಮನಿಸುತ್ತೇವೆ. ಶ್ರದ್ಧೆಯಿದ್ದರೆ ಮುಂದೆ ಬಂದೀತೆಂದು ಹಾರೈಸುತ್ತೇವೆ. ಶ್ರದ್ಧೆ ಮತ್ತು ಪ್ರತಿಭೆ ಎರಡೂ ಇದ್ದು, ಕೇವಲ ಮೈಬಣ್ಣದ ಕಾರಣದಿಂದ ಮುಂದಿನ ದಾರಿ ಮುಚ್ಚಿಹೋದರೆ ಆ ಮಗುವಿನ ಪಾಡೇನು? ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಪ್ರಶ್ನೆಯ ಭಾರವನ್ನು ಬದುಕಿನುದ್ದಕ್ಕೂ ಹೊತ್ತು ನಡೆದವರು ಚಾರ್ಲ್ಸ್ ಮಿಂಗಸ್. ಜಾಝ್ ಸಂಗೀತದ ಶ್ರೇಷ್ಠ ಬೇಸ್ ವಾದಕರಲ್ಲೊಬ್ಬರೆಂದೂ, ದೊಡ್ಡ ವಾದ್ಯವೃಂದಗಳಿಗೂ ಚಲನಚಿತ್ರಗಳಿಗೂ ಸಂಗೀತ ರಚಿಸಿದವರೆಂದೂ ಲೋಕ ಅವರನ್ನು ಬಲ್ಲದು. ಆದರೆ ತಾವು ಬರೆದ ಅತ್ಯಂತ ದೊಡ್ಡ ಕೃತಿಯನ್ನು ಪೂರ್ಣವಾಗಿ ಕೇಳುವ ಭಾಗ್ಯ ಅವರದಾಗಲಿಲ್ಲ. ಅವರ ಜೀವನ ಕಥನವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಮಿಂಗಸ್ ಜನಿಸಿದುದು 1922ರ ಎಪ್ರಿಲ್ 22ರಂದು, ಮೆಕ್ಸಿಕೊ ದೇಶದ ಗಡಿಗೆ ತಾಗಿಕೊಂಡಿರುವ ಅರಿಝೋನಾ ರಾಜ್ಯದ ನೊಗಾಲಿಸ್ ಪಟ್ಟಣದಲ್ಲಿ. ತಂದೆ ಅಲ್ಲಿಯ ಸೇನಾ ಶಿಬಿರದಲ್ಲಿ ಸಾರ್ಜೆಂಟರಾಗಿದ್ದರು. ಮಗು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ತಾಯಿ ತೀರಿಕೊಂಡರು. ಬಳಿಕ ಕುಟುಂಬವು ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಬಡಾವಣೆಯಲ್ಲಿ ನೆಲೆಸಿತು. ತಂದೆ ಸೇನೆಯನ್ನು ಬಿಟ್ಟು ಅಂಚೆ ಇಲಾಖೆಯನ್ನು ಸೇರಿದರು. ಇಬ್ಬರು ಅಕ್ಕಂದಿರೊಡನೆ ಬಾಲಕ ಚಾರ್ಲ್ಸ್ ಮಲತಾಯಿಯ ಆರೈಕೆಯಲ್ಲಿ ಬೆಳೆದನು. ಅವರ ವಂಶದಲ್ಲಿ ಹಲವು ಜನಾಂಗಗಳ ರಕ್ತ ಬೆರೆತಿತ್ತು. ಬಿಳಿಯರ ದೃಷ್ಟಿಯಲ್ಲಿ ಅವನು ಕರಿಯ. ಕರಿಯರ ನಡುವೆ ಬಣ್ಣ ತಿಳಿಯಾದವನು. ಎರಡೂ ಕಡೆ ಪೂರ್ಣವಾಗಿ ಸೇರದವನೆಂಬ ನೋವು ಚಿಕ್ಕಂದಿನಲ್ಲೇ ಅವನ ಮನಸ್ಸಿನಲ್ಲಿ ಬೇರೂರಿತು.

ಮಲತಾಯಿ ದೈವಭಕ್ತೆ. ಮನೆಯಲ್ಲಿ ದೇವಸ್ತುತಿಯ ಸಂಗೀತಕ್ಕಲ್ಲದೆ ಬೇರೆ ಸಂಗೀತಕ್ಕೆ ಎಡೆಯಿರಲಿಲ್ಲ. ಆಕೆ ಬಾಲಕನನ್ನು ಹೋಲಿನೆಸ್ ಪಂಥದ ಪ್ರಾರ್ಥನಾಲಯಕ್ಕೆ ಕರೆದೊಯ್ಯುತ್ತಿದ್ದರು. ನಮ್ಮ ಬಲಿಪೂಜೆಯ ಶಾಂತ ಗಾಂಭೀರ್ಯಕ್ಕಿಂತ ತೀರ ಭಿನ್ನವಾದ ಆರಾಧನೆ ಅದು. ಬೋಧಕರು ಒಂದು ಮಾತನ್ನಾಡಿದರೆ ಸಭೆಯೆಲ್ಲ ಕೂಗಿ ಮಾರುತ್ತರ ಕೊಡುವುದು, ಕೈಚಪ್ಪಾಳೆ, ಕಣ್ಣೀರು, ನಿಂತಲ್ಲಿಯೇ ಮೈಮರೆತು ಹಾಡುವುದು, ಇವೆಲ್ಲವೂ ಅಲ್ಲಿಯ ಪದ್ಧತಿ. ಬಾಲಕನ ಕಿವಿಗೆ ಬಿದ್ದ ಮೊದಲ ಸಂಗೀತ ಇದೇ. ಎಂಟು ವರ್ಷದವನಿದ್ದಾಗ ತಂದೆಯ ರೇಡಿಯೊದಲ್ಲಿ ಅವನು ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದವನ್ನು ಕೇಳಿದನು. ಇಗರ್ಜಿಯ ಹೊರಗೂ ಇಂಥ ಸಂಗೀತವಿದೆಯೆಂಬ ಅರಿವು ಅಂದು ಮೂಡಿತು. ಆರಾಧನೆಯ ಆವೇಶ ಮತ್ತು ಎಲಿಂಗ್ಟನ್ನರ ಸ್ವರವಿನ್ಯಾಸ, ಈ ಎರಡು ಮೂಲಗಳಿಂದಲೇ ಮಿಂಗಸರ ಸಂಗೀತ ಕೊನೆಯವರೆಗೂ ಹರಿಯಿತು.

ಬಾಲಕನು ಮೊದಲು ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯವನ್ನು ಪ್ರಯತ್ನಿಸಿ, ಬಳಿಕ ಚೆಲ್ಲೊ ವಾದ್ಯಕ್ಕೆ ಒಲಿದನು. ಮಂಡಿಗಳ ನಡುವೆ ನಿಲ್ಲಿಸಿಕೊಂಡು ಬಿಲ್ಲಿನಿಂದ ನುಡಿಸುವ ಈ ದೊಡ್ಡ ಪಿಟೀಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಚ್ಚುಮೆಚ್ಚಿನ ವಾದ್ಯ. ಆರಂಭದ ಶಿಕ್ಷಕರು ಸ್ವರಲಿಪಿ ಓದುವುದನ್ನು ಸರಿಯಾಗಿ ಕಲಿಸಲಿಲ್ಲ. ಆದರೂ ಕಿವಿಯ ಬಲದಿಂದಲೇ ಅವನು ಲಾಸ್ ಏಂಜಲೀಸಿನ ಕಿರಿಯರ ಫಿಲ್‌ಹಾರ್ಮೊನಿಕ್ ವಾದ್ಯವೃಂದದಲ್ಲಿ ನುಡಿಸುವ ಮಟ್ಟಕ್ಕೆ ಏರಿದನು. ಮಹಾ ವಾದ್ಯವೃಂದವೊಂದರಲ್ಲಿ ಚೆಲ್ಲೊ ವಾದಕನಾಗಬೇಕೆಂಬುದು ಅವನ ಕನಸಾಗಿತ್ತು.

ಅಂದಿನ ಅಮೆರಿಕದಲ್ಲಿ ಕರಿಯ ಬಾಲಕನೊಬ್ಬನಿಗೆ ಈ ಕನಸು ಕೈಗೂಡುವಂತಿರಲಿಲ್ಲ. ಹೆಸರಾಂತ ಸಿಂಫನಿ ವಾದ್ಯವೃಂದಗಳೆಲ್ಲ ಬಿಳಿಯರಿಗೆ ಮೀಸಲು ಎಂಬಂತಿದ್ದ ಕಾಲವದು. ಲಾಸ್ ಏಂಜಲೀಸಿನಲ್ಲಿ ಸಂಗೀತಗಾರರ ಸಂಘಗಳು ಕೂಡ ಬಿಳಿಯರಿಗೊಂದು, ಕರಿಯರಿಗೊಂದು ಎಂದು ಬೇರೆಬೇರೆಯಾಗಿದ್ದವು. ಈ ಕಠೋರ ಸತ್ಯವನ್ನು ತನಗೆ ತಿಳಿಸಿದವನು ಗೆಳೆಯ ಬಡಿ ಕೊಲೆಟ್ ಎಂದು ಮಿಂಗಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಷ್ಟೇ ಚೆನ್ನಾಗಿ ನುಡಿಸಿದರೂ ಶಾಸ್ತ್ರೀಯ ಸಂಗೀತದಲ್ಲಿ ಸ್ಥಾನ ಸಿಗದು. ಡಬಲ್ ಬೇಸ್ ಕಲಿತರೆ ಕರಿಯರ ವಾದ್ಯತಂಡದಲ್ಲಿ ಅನ್ನ ಹುಟ್ಟೀತು ಎಂಬುದು ಗೆಳೆಯನ ಹಿತವಚನ. ಹೀಗೆ ಶಾಲಾದಿನಗಳಲ್ಲಿಯೇ ಚೆಲ್ಲೊ ಹೋಗಿ, ಆಳೆತ್ತರದ ಡಬಲ್ ಬೇಸ್ ಬಂದಿತು. ಅದೇ ಬಡಿ ಕೊಲೆಟ್ ಮುಂದೆ ಆ ಎರಡು ಸಂಘಗಳನ್ನು ಒಂದುಗೂಡಿಸಲು ಮುಂಚೂಣಿಯಲ್ಲಿ ದುಡಿದರು. 1953ರಲ್ಲಿ ಅವು ಒಂದಾದವು.

ಡಬಲ್ ಬೇಸ್ ವಾದ್ಯವೃಂದದಲ್ಲಿ ಬಿಲ್ಲಿನಿಂದ ನುಡಿಸುವ ತಂತಿವಾದ್ಯಗಳಲ್ಲೆಲ್ಲ ದೊಡ್ಡದು, ಸ್ವರದಲ್ಲಿ ಅತ್ಯಂತ ಮಂದ್ರವಾದುದು. ಸಾಮಾನ್ಯವಾಗಿ ಅದಕ್ಕೆ ನಾಲ್ಕು ದಪ್ಪ ತಂತಿಗಳು. ಜಾಝ್ ತಂಡದಲ್ಲಿ ಅದನ್ನು ಹೆಚ್ಚಾಗಿ ಬೆರಳುಗಳಿಂದ ಮೀಟುತ್ತಾರೆ. ಕಟ್ಟಡದ ಅಡಿಪಾಯವು ಕಣ್ಣಿಗೆ ಕಾಣದಿದ್ದರೂ ಗೋಡೆಗಳನ್ನು ಹೊರುವಂತೆ, ಬೇಸ್ ವಾದ್ಯವು ಕೇಳುಗರ ಗಮನಕ್ಕೆ ಬಾರದೆಯೇ ಲಯವನ್ನೂ ಸ್ವರಮೇಳವನ್ನೂ ಹೊರುತ್ತದೆ. ಮಿಂಗಸ್ ಈ ಹಿಂದಿನ ಸಾಲಿನ ವಾದ್ಯವನ್ನು ಮುಂದಕ್ಕೆ ತಂದರು. ಮೊದಲು ಜಾಝ್ ವಾದಕ ರೆಡ್ ಕ್ಯಾಲೆಂಡರ್ ಅವರಲ್ಲಿಯೂ, ಅನಂತರ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನಲ್ಲಿ ನುಡಿಸಿದ್ದ ಹರ್ಮನ್ ರೈನ್‌ಶಾಗೆನ್ ಅವರಲ್ಲಿಯೂ ಅಭ್ಯಾಸ ಮಾಡಿದರು. ಸಂಗೀತ ರಚನೆಯನ್ನು ಲಾಯ್ಡ್ ರೀಸ್ ಅವರಿಂದ ಕಲಿತರು. ಹದಿಹರೆಯ ಮುಗಿಯುವ ಮುನ್ನವೇ ‘ದಿ ಚಿಲ್ ಆಫ್ ಡೆತ್’, ‘ಹಾಫ್ ಮಾಸ್ಟ್ ಇನ್‌ಹಿಬಿಷನ್’ ಎಂಬ ದೊಡ್ಡ ವಾದ್ಯವೃಂದದ ಕೃತಿಗಳನ್ನು ಬರೆದರು. ಎರಡನೆಯದು ಧ್ವನಿಮುದ್ರಣವಾದುದು ಸುಮಾರು ಇಪ್ಪತ್ತು ವರ್ಷಗಳ ಬಳಿಕ, 1960ರಲ್ಲಿ. ಮೊದಲನೆಯದು ಕೇಳುಗರನ್ನು ತಲುಪಿದುದು 1972ರಲ್ಲಿ. ಬರೆದುದನ್ನು ಕೇಳಿಸಲು ದಶಕಗಳ ಕಾಲ ಕಾಯುವುದು ಅವರ ಪಾಲಿಗೆ ಅಲ್ಲಿಂದಲೇ ಆರಂಭವಾಯಿತು.

ಹೊಟ್ಟೆಪಾಡಿಗಾಗಿ ಮಿಂಗಸ್ 1943ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ತಂಡದೊಡನೆಯೂ, 1947ರಿಂದ ಲಯನಲ್ ಹ್ಯಾಂಪ್ಟನ್ ಅವರ ತಂಡದೊಡನೆಯೂ ಊರೂರು ಸುತ್ತಿದರು. ಸಂಗೀತದಿಂದ ಸಂಸಾರ ಸಾಗದಿದ್ದಾಗ ತಂದೆಯಂತೆಯೇ ಅಂಚೆ ಇಲಾಖೆಯಲ್ಲಿ ದುಡಿದರು. ಅಲ್ಲಿಂದ ಅವರನ್ನು 1950ರಲ್ಲಿ ರೆಡ್ ನೊರ್ವೊ ತಮ್ಮ ಮೂವರ ತಂಡಕ್ಕೆ ಕರೆತಂದರು. ಮಿಂಗಸರ ಹೆಸರು ದೇಶಕ್ಕೆಲ್ಲ ತಿಳಿದುದು ಆಗಲೇ. ಮರುವರ್ಷ ನ್ಯೂಯಾರ್ಕಿನಲ್ಲಿ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಅವರ ಬದಲಿಗೆ ಬಿಳಿಯ ವಾದಕರೊಬ್ಬರನ್ನು ನಿಲ್ಲಿಸಲಾಯಿತು. ಇದು ಬಣ್ಣದ ಕಾರಣಕ್ಕಾದ ಅಪಮಾನವೆಂದು ಬಗೆದ ಮಿಂಗಸ್ ತಂಡವನ್ನು ತೊರೆದು ನ್ಯೂಯಾರ್ಕಿನಲ್ಲಿಯೇ ಉಳಿದರು.

ಅಲ್ಲಿ 1952ರಲ್ಲಿ, ಆಗಿನ ಪತ್ನಿ ಸೀಲಿಯಾ ಮತ್ತು ಡ್ರಮ್ ವಾದಕ ಮ್ಯಾಕ್ಸ್ ರೋಚ್ ಅವರೊಡನೆ ಸೇರಿ ಡೆಬ್ಯೂ ಎಂಬ ಧ್ವನಿಮುದ್ರಿಕೆ ಸಂಸ್ಥೆಯನ್ನು ಸ್ಥಾಪಿಸಿದರು. ಕಲಾವಿದರ ದುಡಿಮೆಯ ಫಲವು ದೊಡ್ಡ ಕಂಪನಿಗಳ ಪಾಲಾಗದೆ ಕಲಾವಿದರಿಗೇ ಸೇರಬೇಕೆಂಬುದು ಅದರ ಉದ್ದೇಶ. 1953ರ ಮೇ 15ರಂದು ಕೆನಡಾದ ಟೊರೊಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ, ಬಡ್ ಪವೆಲ್, ಮ್ಯಾಕ್ಸ್ ರೋಚ್ ಮತ್ತು ಮಿಂಗಸ್ ಒಂದೇ ವೇದಿಕೆಯಲ್ಲಿ ನುಡಿಸಿದ ಕಛೇರಿಯನ್ನು ಲೋಕಕ್ಕೆ ಒದಗಿಸಿದುದು ಈ ಪುಟ್ಟ ಸಂಸ್ಥೆಯೇ.

ಮುಂದೆ ಮಿಂಗಸ್ ಜಾಝ್ ವರ್ಕ್‌ಶಾಪ್ ಎಂಬ ಹೆಸರಿನಲ್ಲಿ ತಮ್ಮದೇ ತಂಡವನ್ನು ಕಟ್ಟಿದರು. ಅಲ್ಲಿಯ ಕಲಿಕೆಯ ಕ್ರಮ ವಿಶಿಷ್ಟವಾಗಿತ್ತು. ಸ್ವರಲಿಪಿಯ ಹಾಳೆಗಳನ್ನು ಹಂಚುವ ಬದಲು ಮಿಂಗಸ್ ಪ್ರತಿಯೊಬ್ಬನ ಪಾಠವನ್ನು ಹಾಡಿಯೋ ಪಿಯಾನೊದಲ್ಲಿ ನುಡಿಸಿಯೋ ತೋರಿಸುತ್ತಿದ್ದರು. ನಮ್ಮ ನಾಡಿನಲ್ಲಿ ಗುರುಮುಖದಿಂದ ಪಾಠವಾಗುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಸಂಯೋಜಕನ ಕಟ್ಟುಪಾಡು ಮತ್ತು ವಾದಕನ ಮನೋಧರ್ಮ, ಎರಡೂ ಒಂದನ್ನೊಂದು ಕೊಲ್ಲದೆ ಬಾಳಬೇಕೆಂಬುದು ಅವರ ಗುರಿ. 1956ರ ‘ಪಿಥಿಕ್ಯಾಂತ್ರಪಸ್ ಇರೆಕ್ಟಸ್’ ಎಂಬ ಕೃತಿಯಲ್ಲಿ ಅವರು ಒಂದು ನೀತಿಕಥೆಯನ್ನೇ ನುಡಿಸಿದರು. ಮೊದಲ ಬಾರಿಗೆ ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತ ಮಾನವನು ಗರ್ವದಿಂದ ಬೀಗಿ, ಇನ್ನೂ ನಿಲ್ಲದವರನ್ನು ಆಳಲೆತ್ನಿಸಿ, ಆ ಗರ್ವದಿಂದಲೇ ನಾಶವಾಗುವ ಕಥೆ ಅದು. ಮರುವರ್ಷ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಕಲಾ ಉತ್ಸವಕ್ಕಾಗಿ ‘ರೆವೆಲೇಷನ್ಸ್’ ಎಂಬ ಕೃತಿಯನ್ನು ಬರೆದುಕೊಟ್ಟರು. ಜಾಝ್ ಸಂಗೀತವನ್ನೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಬೆಸೆಯಲು ಶ್ರಮಿಸುತ್ತಿದ್ದ ಗುಂಥರ್ ಶುಲ್ಲರ್ ಅಲ್ಲಿ ಅವರ ಜೊತೆಗಿದ್ದರು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1959 ಮಿಂಗಸರ ಬಾಳಿನಲ್ಲಿ ಸಮೃದ್ಧ ವರ್ಷ. ಬಾಲ್ಯದ ಪ್ರಾರ್ಥನಾಲಯವು ಆಗ ಅವರ ಸಂಗೀತದಲ್ಲಿ ಮರಳಿ ಮೊಳಗಿತು. ‘ವೆನ್ಸ್‌ಡೇ ನೈಟ್ ಪ್ರೇಯರ್ ಮೀಟಿಂಗ್’, ಅಂದರೆ ಬುಧವಾರ ರಾತ್ರಿಯ ಪ್ರಾರ್ಥನಾಕೂಟ ಎಂಬ ಕೃತಿಯಲ್ಲಿ ವಾದ್ಯಗಳು ಬೋಧಕನಂತೆ ಕರೆಯುತ್ತವೆ, ಸಭೆಯಂತೆ ಓಗೊಡುತ್ತವೆ. ನಡುವೆ ಕೈಚಪ್ಪಾಳೆಯ ಹೊರತು ಎಲ್ಲ ವಾದ್ಯಗಳೂ ಮೌನವಾಗಿ, ಒಂಟಿ ದನಿಯೊಂದು ಮಾತ್ರ ಮೊರೆಯಿಡುತ್ತದೆ. ಅದೇ ವರ್ಷದ ‘ಮಿಂಗಸ್ ಆಹ್ ಅಮ್’ ಧ್ವನಿಮುದ್ರಿಕೆಯ ಮೊದಲ ಕೃತಿ ‘ಬೆಟರ್ ಗಿಟ್ ಇಟ್ ಇನ್ ಯೋರ್ ಸೋಲ್’ ಕೂಡ ಅದೇ ಆರಾಧನೆಯ ಕೂಸು. ಆ ವರ್ಷದ ಮಾರ್ಚ್ ತಿಂಗಳಲ್ಲಿ ನಿಧನರಾದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ನೆನಪಿಗೆ ಬರೆದ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಎಂಬ ಶೋಕಗೀತೆಯೂ ಅದರಲ್ಲಿದೆ.

ಅದೇ ಧ್ವನಿಮುದ್ರಿಕೆಯಲ್ಲಿ ‘ಫೇಬಲ್ಸ್ ಆಫ್ ಫಾಬಸ್’ ಎಂಬ ವ್ಯಂಗ್ಯಕೃತಿಯೂ ಇದೆ. 1957ರಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್, ಲಿಟ್ಲ್ ರಾಕ್ ಪಟ್ಟಣದ ಪ್ರೌಢಶಾಲೆಗೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಪ್ರವೇಶಿಸದಂತೆ ಸಶಸ್ತ್ರ ಪಡೆಯನ್ನು ನಿಲ್ಲಿಸಿದ್ದರು. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿಸಿದ ಮೇಲಷ್ಟೇ ಆ ಮಕ್ಕಳು ತರಗತಿಯಲ್ಲಿ ಕುಳಿತರು. ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚುವುದೆಂದರೇನೆಂಬುದನ್ನು ಚೆಲ್ಲೊ ಕಳೆದುಕೊಂಡ ಮಿಂಗಸ್ ಬಲ್ಲವರಾಗಿದ್ದರು. 1959ರಲ್ಲಿ ಈ ಕೃತಿ ಸಾಹಿತ್ಯವಿಲ್ಲದೆ, ಬರಿಯ ವಾದ್ಯಸಂಗೀತವಾಗಿ ಹೊರಬಂದಿತು. 1960ರಲ್ಲಿ ಬೇರೊಂದು ಕಂಪನಿಗಾಗಿ ಅದರ ಕಟುವಾದ ಪರಿಹಾಸದ ಮಾತುಗಳ ಸಹಿತ ಮತ್ತೆ ಮುದ್ರಿಸಿದರು.

ಚಲನಚಿತ್ರ ಸಂಗೀತಕ್ಕೂ ಮಿಂಗಸ್ ಪ್ರವೇಶಿಸಿದುದು ಈ ಕಾಲದಲ್ಲೇ. ಜಾನ್ ಕ್ಯಾಸವೀಟಿಸ್ ನಿರ್ದೇಶಿಸಿದ ‘ಷ್ಯಾಡೋಸ್’ ಚಿತ್ರ ನ್ಯೂಯಾರ್ಕಿನ ಅಣ್ಣತಮ್ಮಂದಿರು ಮತ್ತು ತಂಗಿಯ ಕಥೆ. ತಂಗಿಯ ಬಣ್ಣ ತಿಳಿ. ಹಿರಿಯಣ್ಣನ ಬಣ್ಣ ಕಪ್ಪು. ಅಣ್ಣನನ್ನು ಕಂಡೊಡನೆ ಅವಳ ಪ್ರಿಯಕರನ ಮುಖಭಾವವೇ ಬದಲಾಗುತ್ತದೆ. ಈ ವಸ್ತು ಮಿಂಗಸರ ಸ್ವಂತ ಬಾಳಿಗೆ ಎಷ್ಟು ಹತ್ತಿರವೆಂಬುದನ್ನು ಬೇರೆ ಹೇಳಬೇಕಿಲ್ಲ. ಅವರು ಬರೆದುದರಲ್ಲಿ ಸ್ವಲ್ಪ ಭಾಗ ಮಾತ್ರ ಚಿತ್ರದಲ್ಲಿ ಉಳಿಯಿತು. ಅದಕ್ಕಾಗಿ ರಚಿಸಿದ ‘ಸೆಲ್ಫ್ ಪೋರ್ಟ್ರೇಟ್ ಇನ್ ಥ್ರೀ ಕಲರ್ಸ್’ ಧ್ವನಿಮುದ್ರಿಕೆಯಲ್ಲಿ ಬದುಕಿಕೊಂಡಿತು. 1976ರಲ್ಲಿ ಇಟಲಿಯ ಎಲಿಯೊ ಪೆತ್ರಿ ಅವರ ‘ತೋದೊ ಮೋದೊ’ ಚಿತ್ರಕ್ಕೂ ಹೀಗೆಯೇ ಆಯಿತು. ರಾಜಕಾರಣಿಗಳು ಕೂಡಿದ ಧ್ಯಾನಕೂಟವೊಂದರ ಕಥೆಯಾದ ಆ ಚಿತ್ರಕ್ಕೆ ಕೊನೆಗೆ ಬಳಕೆಯಾದುದು ಎನ್ನಿಯೊ ಮೊರಿಕೋನೆ ಅವರ ಸಂಗೀತ. ಮಿಂಗಸರ ರಚನೆಯು 1978ರಲ್ಲಿ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಕೇಳುಗರ ಕೈಸೇರಿತು.

ಮಿಂಗಸರನ್ನು ಸಂತರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಗಾಯಗೊಂಡವನ ಕೋಪವು ಅನ್ಯಾಯ ಮಾಡಿದವರನ್ನಷ್ಟೇ ಸುಡುವುದಿಲ್ಲ, ಪಕ್ಕದಲ್ಲಿ ನಿಂತವರನ್ನೂ ಸುಡುತ್ತದೆ. 1953ರಲ್ಲಿ ಬಾಲ್ಯದ ಆರಾಧ್ಯರಾದ ಎಲಿಂಗ್ಟನ್ನರ ತಂಡವನ್ನು ಸೇರುವ ಭಾಗ್ಯ ಅವರಿಗೆ ಒದಗಿತ್ತು. ಆದರೆ ಸಹವಾದಕರೊಬ್ಬರೊಡನೆ ವೇದಿಕೆಯಲ್ಲಿಯೇ ಜಗಳವಾಗಿ, ಕೆಲವೇ ದಿನಗಳಲ್ಲಿ ಅದನ್ನು ಕಳೆದುಕೊಂಡರು. ಮನಸ್ಸಿನ ಕ್ಷೋಭೆ ತಡೆಯಲಾರದೆ 1958ರಲ್ಲಿ ತಾವಾಗಿಯೇ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯನ್ನು ಸೇರಿದ್ದೂ ಉಂಟು.

ಎಲ್ಲಕ್ಕಿಂತ ದುಃಖಕರವಾದುದು 1962ರ ಪ್ರಸಂಗ. ಸುಮಾರು ಮೂವತ್ತು ಮಂದಿ ವಾದಕರ ಮಹಾ ಕಛೇರಿಯೊಂದು ಅಕ್ಟೋಬರ್ 12ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಏರ್ಪಟ್ಟಿತ್ತು. ನಿಗದಿಯಾದ ದಿನವನ್ನು ವಾರಗಟ್ಟಲೆ ಹಿಂದಕ್ಕೆಳೆದುದರಿಂದ ಸಿದ್ಧತೆಗೆ ಕಾಲ ಸಾಲಲಿಲ್ಲ. ಸ್ವರಲಿಪಿಯ ಕೆಲಸದಲ್ಲಿ ನೆರವಾಗುತ್ತಿದ್ದ ಟ್ರೊಂಬೋನ್ ವಾದಕ ಜಿಮ್ಮಿ ನೆಪ್ಪರ್ ಇನ್ನಷ್ಟು ಹೊಣೆ ಹೊರಲು ಒಪ್ಪದಿದ್ದಾಗ ಮಿಂಗಸ್ ಕೋಪದಲ್ಲಿ ಅವರ ಬಾಯಿಗೆ ಹೊಡೆದರು. ಹಲ್ಲು ಮುರಿಯಿತು. ತುಟಿಯೇ ಬಂಡವಾಳವಾದ ಊದುವಾದ್ಯದ ಕಲಾವಿದನಿಗೆ ಇದಕ್ಕಿಂತ ದೊಡ್ಡ ಹಾನಿಯಿಲ್ಲ. ನ್ಯಾಯಾಲಯ ಮಿಂಗಸರನ್ನು ತಪ್ಪಿತಸ್ಥರೆಂದು ಘೋಷಿಸಿತು. ಕಛೇರಿಯ ರಾತ್ರಿ ನಕಲುಗಾರರು ವೇದಿಕೆಯ ಮೇಲೆಯೇ ಕುಳಿತು ಸ್ವರಲಿಪಿಯ ನಕಲು ಮಾಡುತ್ತಿದ್ದರು. ಎಲ್ಲವೂ ಗೊಂದಲವಾಗಿ, ಕೃತಿ ಅಪೂರ್ಣವಾಗಿಯೇ ಮುಗಿಯಿತು.

ಆದರೆ ಈ ಎರಡು ಪ್ರಸಂಗಗಳಿಗೂ ಉತ್ತರಭಾಗವಿದೆ. ತಂಡದಿಂದ ಹೊರಹಾಕಿದ್ದ ಎಲಿಂಗ್ಟನ್ ಟೌನ್ ಹಾಲ್ ಕಛೇರಿಗೆ ಕೆಲವೇ ವಾರಗಳ ಮುನ್ನ ಮಿಂಗಸ್ ಮತ್ತು ಮ್ಯಾಕ್ಸ್ ರೋಚ್ ಅವರೊಡನೆ ‘ಮನಿ ಜಂಗಲ್’ ಎಂಬ ಧ್ವನಿಮುದ್ರಿಕೆಯನ್ನು ನುಡಿಸಿದರು. ಏಟು ತಿಂದ ನೆಪ್ಪರ್ 1970ರ ದಶಕದಲ್ಲಿ ಮಿಂಗಸರೊಡನೆ ಮತ್ತೆ ನುಡಿಸಿದರು. ಮಿಂಗಸರ ಮರಣಾನಂತರ ಅವರ ಸಂಗೀತವನ್ನು ಉಳಿಸಲು ಹುಟ್ಟಿದ ತಂಡದಲ್ಲಿಯೂ ದುಡಿದರು. ಕ್ಷಮೆಯ ಬಗ್ಗೆ ಬಹಳ ಕೇಳಿರುವ ನಮಗೆ ನೆಪ್ಪರರ ನಡತೆ ಒಂದು ಮೌನ ಪ್ರಬೋಧನೆಯಂತಿದೆ.

1963ರಲ್ಲಿ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ಸುದೀರ್ಘ ನೃತ್ಯಸಂಗೀತ ಕೃತಿ ಹೊರಬಂದಿತು. ಅವರ ಶ್ರೇಷ್ಠ ಕೃತಿಯೆಂದು ಹಲವರು ಎಣಿಸುವುದು ಇದನ್ನೇ. ಆದರೆ ಕೀರ್ತಿ ಬಂದಂತೆ ಹಣ ಬರಲಿಲ್ಲ. ಸಂಗೀತಶಾಲೆಯೊಂದನ್ನು ತೆರೆಯುವ ಆಸೆಯಿಂದ ಬಾಡಿಗೆಗೆ ಹಿಡಿದಿದ್ದ ಮನೆಯಿಂದ 1966ರಲ್ಲಿ ಅವರನ್ನು ಒಕ್ಕಲೆಬ್ಬಿಸಲಾಯಿತು. ವಾದ್ಯಗಳೂ ಸ್ವರಲಿಪಿಯ ಕಟ್ಟುಗಳೂ ಬೀದಿಗೆ ಬಿದ್ದ ದೃಶ್ಯ ಥಾಮಸ್ ರೈಖ್‌ಮನ್ ಅವರ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಬಳಿಕ ಕೆಲವು ವರ್ಷ ಮಿಂಗಸ್ ವೇದಿಕೆಯಿಂದ ಬಹುಮಟ್ಟಿಗೆ ದೂರವಾದರು.

1971 ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು. ಆತ್ಮಕಥೆ ಪ್ರಕಟವಾಯಿತು, ಗುಗನ್‌ಹೈಮ್ ಫೆಲೋಶಿಪ್ ದೊರೆಯಿತು, ಆಲ್ವಿನ್ ಏಲಿ ಅವರ ಸಂಗೀತಕ್ಕೆ ನೃತ್ಯ ಸಂಯೋಜಿಸಿದರು. ಮರುವರ್ಷ ದೊಡ್ಡ ವಾದ್ಯವೃಂದದೊಡನೆ ‘ಲೆಟ್ ಮೈ ಚಿಲ್ಡ್ರನ್ ಹಿಯರ್ ಮ್ಯೂಸಿಕ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. ತನ್ನ ಮಕ್ಕಳು ಸಂಗೀತ ಕೇಳಲಿ ಎಂಬ ಆ ಶೀರ್ಷಿಕೆಯಲ್ಲಿ ತಂದೆಯೊಬ್ಬನ ಹಂಬಲವಿದೆ. ಹದಿಹರೆಯದಲ್ಲಿ ಬರೆದ ‘ದಿ ಚಿಲ್ ಆಫ್ ಡೆತ್’ ಬೆಳಕು ಕಂಡುದು ಇದರಲ್ಲಿಯೇ.

ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1977ರ ಕೊನೆಯಲ್ಲಿ ಅವರಿಗೆ ಏ.ಎಲ್.ಎಸ್. ಎಂಬ ನರರೋಗ ತಗಲಿರುವುದು ಪತ್ತೆಯಾಯಿತು. ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ, ಚೇತರಿಕೆಯಿಲ್ಲದ ಕಾಯಿಲೆ ಅದು. ಬೇಸ್ ತಂತಿಗಳನ್ನು ಬಗ್ಗಿಸುತ್ತಿದ್ದ ಬೆರಳುಗಳು ನಿಶ್ಚಲವಾದವು. ಆಗಲೂ ಮಿಂಗಸ್ ಗಾಲಿಕುರ್ಚಿಯಲ್ಲಿ ಕುಳಿತು, ಟೇಪ್ ರೆಕಾರ್ಡರಿಗೆ ಹಾಡಿ, ಹೊಸ ಕೃತಿಗಳನ್ನು ರಚಿಸಿದರು. ಗಾಯಕಿ ಜೋನಿ ಮಿಚೆಲ್ ಅವರ ಸ್ವರಗಳಿಗೆ ಸಾಹಿತ್ಯ ಬರೆದು ಹಾಡಿದರು. 1978ರ ಜೂನ್ 18ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದಲ್ಲಿ ಏರ್ಪಡಿಸಿದ ಜಾಝ್ ಸಮಾರಂಭದಲ್ಲಿ ಸಭಿಕರೆಲ್ಲ ಎದ್ದುನಿಂತು ಮಿಂಗಸರನ್ನು ಗೌರವಿಸಿದರು. ಅವರು ಬಿಕ್ಕಿ ಅತ್ತರು. ಅಧ್ಯಕ್ಷರೇ ಬಳಿ ಬಂದು ಸಂತೈಸಿದರು. 1979ರ ಜನವರಿ 5ರಂದು, ಚಿಕಿತ್ಸೆಗೆಂದು ಹೋಗಿದ್ದ ಮೆಕ್ಸಿಕೊ ದೇಶದ ಕ್ವೆರ್ನವಾಕದಲ್ಲಿ, 56ರ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಪತ್ನಿ ಸ್ಯೂ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗಾನದಿಯಲ್ಲಿ ವಿಸರ್ಜಿಸಿದರು. ಹೀಗೆ ಅರಿಝೋನಾದ ಮರುಭೂಮಿಯಲ್ಲಿ ತೊಡಗಿದ ಪಯಣ ನಮ್ಮ ದೇಶದ ನೀರಿನಲ್ಲಿ ಮುಗಿಯಿತು.

ಸಂಗೀತದ ಪಯಣ ಮಾತ್ರ ಮುಗಿದಿರಲಿಲ್ಲ. ಮಿಂಗಸರ ಹಸ್ತಪ್ರತಿಗಳ ಪಟ್ಟಿ ಮಾಡಲು ಬಂದ ಮೊಂಟ್ರಿಯಲ್ ನಗರದ ಸಂಗೀತ ವಿದ್ವಾಂಸ ಆಂಡ್ರೂ ಹೊಮ್ಝಿ, ಬೇರೆಬೇರೆಯಾಗಿ ಬಿದ್ದಿದ್ದ ಹಾಳೆಗಳಲ್ಲಿ ಒಂದೇ ಕೃತಿಯ ಭಾಗಗಳನ್ನು ಗುರುತಿಸಿದರು. ಜೋಡಿಸಿ ನೋಡಿದಾಗ ನಾಲ್ಕು ಸಾವಿರಕ್ಕೂ ಮಿಕ್ಕಿದ ತಾಳಾವರ್ತಗಳ ಮಹಾಕೃತಿ ಎದ್ದುನಿಂತಿತು. ಮಿಂಗಸ್ ಅದಕ್ಕಿಟ್ಟ ಹೆಸರು ‘ಎಪಿಟಾಫ್’, ಎಂದರೆ ಸಮಾಧಿಲೇಖ. 1962ರಲ್ಲಿ ಟೌನ್ ಹಾಲ್‌ನಲ್ಲಿ ಮುರಿದುಬಿದ್ದುದು ಇದರದೇ ಭಾಗ. ತಾವು ಬದುಕಿರುವಾಗ ಇದು ಪೂರ್ಣವಾಗಿ ನುಡಿಯಲಾರದೆಂದು ಅರಿತೇ ಅವರು ಆ ಹೆಸರಿಟ್ಟರೆನ್ನಬೇಕು. 1989ರ ಜೂನ್ 3ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಆಲಿಸ್ ಟಲ್ಲಿ ಹಾಲ್‌ನಲ್ಲಿ, ಮೂವತ್ತಕ್ಕೂ ಹೆಚ್ಚು ವಾದಕರು ಎರಡು ಗಂಟೆಗಳಿಗೂ ಮೀರಿ ಅದನ್ನು ನುಡಿಸಿದರು. ನಿರ್ದೇಶಿಸಿದವರು ಅದೇ ಗುಂಥರ್ ಶುಲ್ಲರ್. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್ ಮಿಂಗಸರ ಹಸ್ತಪ್ರತಿಗಳನ್ನು ತನ್ನ ಭಂಡಾರಕ್ಕೆ ಸೇರಿಸಿಕೊಂಡಿತು. ಬೀದಿಗೆ ಬಿದ್ದಿದ್ದ ಸಂಗೀತಗಾರನ ಬರಹ ಒಂದು ರಾಷ್ಟ್ರದ ಆಸ್ತಿಯಾಯಿತು.

ಸ್ಯೂ ಮಿಂಗಸ್ 2022ರಲ್ಲಿ, ಪತಿಯ ಜನ್ಮಶತಾಬ್ದಿಯ ವರ್ಷದಲ್ಲಿಯೇ ನಿಧನರಾದರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರು ಪತಿಯ ಕೃತಿಗಳನ್ನು ಕಾಪಾಡಿದರು, ತಂಡಗಳನ್ನು ಕಟ್ಟಿ ನುಡಿಸಿದರು. ಗೆಳೆಯ ಕೊಲೆಟ್, ಕ್ಷಮಿಸಿದ ನೆಪ್ಪರ್, ಹಾಳೆಗಳನ್ನು ಹೆಕ್ಕಿದ ಹೊಮ್ಝಿ, ಕಾದು ನಿಂತ ಶುಲ್ಲರ್, ಇವರೆಲ್ಲರ ಕೈಗೂಡಿದುದರಿಂದಲೇ ಒಬ್ಬನ ಪ್ರತಿಭೆ ವ್ಯರ್ಥವಾಗದೆ ಉಳಿಯಿತು. ಆದರೂ ಒಂದು ನಷ್ಟ ತುಂಬಿ ಬಂದಿಲ್ಲ. ವಾಟ್ಸಿನ ಆ ಬಾಲಕ ಚೆಲ್ಲೊ ವಾದಕನಾಗಿದ್ದರೆ ಏನನ್ನು ನುಡಿಸುತ್ತಿದ್ದನೆಂಬುದನ್ನು ಯಾರೂ ಎಂದೆಂದಿಗೂ ಕೇಳಲಾರರು. ಬಣ್ಣ, ಜಾತಿ, ಹುಟ್ಟು, ಬಡತನ ಎಂದು ನಾವು ಮಗುವೊಂದನ್ನು ಹಿಂದಿನ ಸಾಲಿಗೆ ತಳ್ಳುವಾಗ ಕಳೆದುಕೊಳ್ಳುವುದು ಆ ಮಗು ಮಾತ್ರವಲ್ಲ, ಕೇಳಬೇಕಾಗಿದ್ದ ನಾವೆಲ್ಲರೂ. ನಮ್ಮ ನಮ್ಮ ಧರ್ಮಕೇಂದ್ರಗಳ ಗಾಯನವೃಂದಕ್ಕೆ ಮಕ್ಕಳನ್ನು ಆರಿಸುವ ಹಿರಿಯರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಂಗಸರನ್ನು ಸ್ಮರಿಸಿದುದು ಸಾರ್ಥಕವೆಂದು ಭಾವಿಸುತ್ತೇವೆ.